ಬ್ರೇಕ್ ಸರಿಯಾಗಿಯೇ ಇತ್ತು

“ಗುರುಗಳೇ, ನನ್ನ ದೇಹ ನನ್ನದು. ಅಜಾಗರೂಕತೆಯಿಂದ ಬಿದ್ದರೆ ನೋಯುವವನೂ ನಾನೇ. ಹೀಗಿರುವಾಗ ಜೋಪಾನವಾಗಿರು ಎಂದು ಬೇರೆಯವರು ನನಗೆ ಹೇಳುವುದೇಕೆ?”

ಕೇಳಿದವನು ತರುಣ ಶಿಷ್ಯ. ಸೈಕಲ್ಲನ್ನು ಮೆಲ್ಲಗೆ ಓಡಿಸು ಎಂದು ಆಶ್ರಮದ ಅಡುಗೆಯವರು ಬೆಳಿಗ್ಗೆ ಅವನಿಗೆ ಬುದ್ಧಿ ಹೇಳಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವರ್ತಕನಿದ್ದ. ಅಂಗಡಿ ಬಿಟ್ಟು ಕದಲಿದವನಲ್ಲ. ಮಗಳ ಮದುವೆ ಮುಗಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಒಂದು ದ್ವೀಪಕ್ಕೆ ವಿಹಾರಕ್ಕೆ ಹೋದ. ಅಲ್ಲಿ ಇಬ್ಬರೂ ಬಾಡಿಗೆಗೆ ಸೈಕಲ್ ಪಡೆದರು. ಸೈಕಲ್ ಅಂಗಡಿಯವನು ಹೆಲ್ಮೆಟ್ ಕೊಟ್ಟು, “ದೀಪಸ್ತಂಭದ ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯಿರಿ. ತಿರುವಿನಲ್ಲಿ ಮರಳು ಬಿದ್ದಿರುತ್ತದೆ, ಜನರೂ ನಡೆದು ಬರುತ್ತಾರೆ” ಎಂದ. ಹೆಂಡತಿ ಹೆಲ್ಮೆಟ್ ತೊಟ್ಟಳು. ವರ್ತಕ ತನ್ನದನ್ನು ಹ್ಯಾಂಡಲ್‌ಗೆ ನೇತುಹಾಕಿದ.

ದೀಪಸ್ತಂಭದ ದಿಬ್ಬ ಹತ್ತುವಾಗ ಕೆಲವು ಯುವಕರು ಅವನನ್ನು ಹಿಂದೆ ಹಾಕಿ ಹೋದರು. ಅವನು ಇಳಿದು ಸೈಕಲ್ ತಳ್ಳಬೇಕಾಯಿತು. ಮೇಲೆ ನಿಂತಿದ್ದ ಅವರು ತನ್ನನ್ನು ನೋಡಿ ನಕ್ಕರೆಂದು ಅವನಿಗೆ ಅನಿಸಿತು. ಇಳಿಯುವಾಗ ತಾನೇನೆಂದು ತೋರಿಸಬೇಕೆಂದು ಬ್ರೇಕಿನ ಮೇಲಿನ ಬೆರಳು ತೆಗೆದ. ಹೆಂಡತಿ ಹಿಂದಿನಿಂದ ಕೂಗಿದಳು. ಅವನಿಗೆ ಕೇಳಿಸಿತು, ಆದರೂ ನಿಧಾನಿಸಲಿಲ್ಲ.

ತಿರುವಿನಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ತೆಂಗಿನ ನಾರಿನ ಹೊರೆ ಹೊತ್ತು ಬರುತ್ತಿದ್ದಳು. ನಾರು ಹೊಸೆದು ಹಗ್ಗ ಮಾಡಿ ಬದುಕುವವಳು. ಸೈಕಲ್ ಮರಳಿನಲ್ಲಿ ಜಾರಿ ಅವಳಿಗೆ ಬಡಿಯಿತು. ಅವಳು ಕಲ್ಲಿನ ಮೇಲೆ ಬಿದ್ದಳು. ವರ್ತಕ ಅವಳ ಹೊರೆಯ ಮೇಲೆ ಬಿದ್ದ. ಅವಳ ಬಲಗೈ ಮುರಿಯಿತು. ಅವನ ಮೈಗೆ ಒಂದು ಗೀರೂ ಬೀಳಲಿಲ್ಲ.

ಸುದ್ದಿ ತಿಳಿದು ಸೈಕಲ್ ಅಂಗಡಿಯವನು ಆಸ್ಪತ್ರೆಗೆ ಓಡಿಬಂದ. “ಬ್ರೇಕ್ ಕೈಕೊಟ್ಟಿತೇ, ಸ್ವಾಮಿ?” ಎಂದು ಕೇಳಿದ.

ವರ್ತಕ ಹೆಂಡತಿಯ ಕಡೆ ನೋಡದೆ, “ಹೌದು” ಎಂದ.

ಅಂಗಡಿಯವನ ಮುಖ ಬಿಳಿಚಿತು. ಅವನು ಆ ಹೆಂಗಸಿನ ಮಂಚದ ಬಳಿ ಹೋಗಿ ಕಾಲು ಮುಟ್ಟಿ, “ಅಕ್ಕಾ, ತಪ್ಪು ನನ್ನದು. ನಾನು ಸರಿಯಾಗಿ ನೋಡಬೇಕಿತ್ತು” ಎಂದು ಅತ್ತ. ಅವಳೇ ಅವನಿಗೆ ಸಮಾಧಾನ ಹೇಳಿದಳು. ಆಮೇಲೆ ವರ್ತಕನನ್ನು ಹತ್ತಿರ ಕರೆದಳು. ಎಡಗೈಯಿಂದ ಅವನ ಬರಿದಲೆಯನ್ನು ತಡವಿ ನೋಡಿ, “ನಿಮಗೆ ಪೆಟ್ಟಾಗಿಲ್ಲ ತಾನೆ?” ಎಂದು ಕೇಳಿದಳು.

ವರ್ತಕ ನೆಲದ ಮೇಲೆ ಕುಳಿತು, “ಬ್ರೇಕ್ ಸರಿಯಾಗಿಯೇ ಇತ್ತು. ನಾನೇ ಹಿಡಿಯಲಿಲ್ಲ” ಎಂದ.

ಅಂಗಡಿಯವನು ಕಣ್ಣೊರೆಸಿಕೊಂಡು ಹೊರಗೆ ಹೋದ. ಹೆಂಗಸು ಕೈ ಹಿಂದೆಗೆದುಕೊಂಡಳು. ಯಾರೂ ವರ್ತಕನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ತಲೆ ಎತ್ತಲು ಒಂದು ದಾರಿ ಸಿಗುತ್ತಿತ್ತೇನೋ.

ಅವಳ ಮೂಳೆ ಕೂಡಿಕೊಂಡಿತು. ಹಗ್ಗ ಹೊಸೆಯುವಷ್ಟು ಬಲ ಮಾತ್ರ ಆ ಕೈಗೆ ಮರಳಲಿಲ್ಲ. ವರ್ತಕ ಅವಳ ಮನೆಯ ಹೊಣೆ ಹೊತ್ತ, ಕೊನೆಯವರೆಗೂ ನಡೆಸಿದ. ಆದರೆ ಆ ಪ್ರವಾಸದ ಬಗ್ಗೆ ಯಾರಾದರೂ ಕೇಳಿದರೆ ಬಟ್ಟೆ ಮಡಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ. ಅವನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಅಷ್ಟು ರಭಸದಿಂದ ಬಿದ್ದರೂ ಆ ವರ್ತಕನಿಗೆ ಒಂದು ಗಾಯವೂ ಆಗಲಿಲ್ಲವೇ?”

ಗುರುಗಳು ಹೇಳಿದರು: “ಅದೇ ಅವನ ಗಾಯ.”