ಏಳನೇ ಕೋಣೆಗೆ ಬಂದ ಕರೆ

ಹೊಳೆದಂಡೆಯ ಆಶ್ರಮಕ್ಕೆ ಇಂಟರ್‌ನೆಟ್ ಫೋನು ಬಂತು. ಕಚೇರಿಗೊಂದು, ಅಡುಗೆಮನೆಗೊಂದು, ಹಾಸಿಗೆ ಹಿಡಿದ ಹಿರಿಯರ ಕೋಣೆಗೆ ಒಂದೊಂದು.

ಕಚೇರಿಯಲ್ಲಿ ಕೂರುವ ಶಿಷ್ಯ ಗುರುಪಾದ ಎರಡೇ ದಿನದಲ್ಲಿ ಎಲ್ಲ ಕಲಿತ. ಕಾಯುವವರಿಗೆ ವಚನ ಕೇಳಿಸುವುದು, ಕರೆಯನ್ನು ಇನ್ನೊಂದು ಕೋಣೆಗೆ ದಾಟಿಸುವುದು, ಎಲ್ಲ. ಧ್ಯಾನ ಕಲಿಯಲು ಬಂದು ಆರು ವರ್ಷವಾಗಿತ್ತು. ಅದಿನ್ನೂ ಕೈಗೆ ಹತ್ತಿರಲಿಲ್ಲ.

“ಅಜ್ಜಾರ, ಈಗ ಯಾವ ಕರೆನೂ ನನ್ನ ಹತ್ರ ಅರ್ಧ ನಿಮಿಷ ನಿಲ್ಲೂದಿಲ್ಲ,” ಅಂದ ಆಶ್ರಮದ ಗುರುಗಳಾದ ಅಜ್ಜಾರಿಗೆ.

“ಭಾಳ ಚಲೋ. ಎಲ್ಲಿಗೆ ಹೋಗ್ತಾವ?”

“ಯಾರಿಗೆ ಬೇಕೋ ಅವರಿಗೆ.”



ಮರುದಿನ ಮಧ್ಯಾಹ್ನ ಸೊಲ್ಲಾಪುರದಿಂದ ಕರೆ ಬಂತು. ಏಳನೇ ಕೋಣೆಯ ರೇವಪ್ಪನವರ ಮಗಳು ಮಹಾನಂದಾ.

“ಹನ್ನೊಂದು ವರ್ಷ ಆತ್ರಿ ಅಪ್ಪನ್ನ ಮಾತಾಡ್ಸಿ. ಇಬ್ಬರಿಗೂ ಸಿಟ್ಟು. ಇವತ್ತರ…”

“ಒಂದ್ನಿಮಿಷ ತಾಯಿ, ಕೊಡ್ತೀನಿ.”

ಗುರುಪಾದ ದಾಟಿಸುವ ಗುಂಡಿ ಒತ್ತಿದ, ಏಳು ಒತ್ತಿದ, ಫೋನು ಇಟ್ಟ. ಆಗಲೇ ಇನ್ನೊಂದು ಕರೆ ಮಿನುಗುತ್ತಿತ್ತು.

ಸಂಜೆ ನಾಲ್ಕಕ್ಕೆ ರೇವಪ್ಪನವರು ತೀರಿಕೊಂಡರು.

ಅವರನ್ನು ನೋಡಿಕೊಳ್ಳುತ್ತಿದ್ದ ಅಂಬವ್ವ ಕಚೇರಿಗೆ ಬಂದು ಅಜ್ಜಾರ ಮುಂದೆ ನಿಂತಳು. “ಮಧ್ಯಾಹ್ನ ನಾ ಗಂಜಿ ತರಾಕ ಹೋಗಿದ್ದೆರಿ. ಫೋನು ಹೊಡಕೊಂಡು ಹೊಡಕೊಂಡು ನಿಂತಿತ್ತು. ಬಂದು ನೋಡಿದ್ರ, ಮುದುಕಪ್ಪ ಅದರ ಕಡೆ ಕೈ ಚಾಚಿದಾಂವ ಹಂಗ ಇದ್ದ. ಎಟುಕಿರಲಿಲ್ಲ.”

ಗುರುಪಾದ ಫೋನಿನ ಪರದೆಯನ್ನು ಅವರತ್ತ ತಿರುಗಿಸಿದ. “ನಾ ಕೊಟ್ಟಿದ್ದೆ ಅಜ್ಜಾರ. ನೋಡ್ರಿ, ಪರದೆ ಮ್ಯಾಲ ಐತಿ. ಹನ್ನೆರಡು ಹತ್ತಕ್ಕ.”

“ಯಾರಿಗೆ ಕೊಟ್ಟಿ?”

“ಏಳನೇ ನಂಬರಿಗೆ.”

“ನಂಬರು ಎತ್ತಿತೇನು?”

ಗುರುಪಾದ ತಲೆ ತಗ್ಗಿಸಿದ. “ಇನ್ನೊಂದು ಪದ್ಧತಿನೂ ಐತ್ರಿ. ಆ ಕಡೆಯವರು ಎತ್ತೂತನಕ ಕಾದು, ಮಾತಾಡಿ, ಆಮ್ಯಾಲ ಕೂಡ್ಸೂದು. ಅದಕ ಹೊತ್ತು ಹಿಡಿತೈತಿ ಅಂತ…”

ಫೋನು ಹೊಡೆದುಕೊಂಡಿತು. ಸೊಲ್ಲಾಪುರದ ಅದೇ ನಂಬರು.

“ನಿಮಗ ಕೊಡ್ತೀನ್ರಿ.” ಬೆರಳು ಆಗಲೇ ಗುಂಡಿಯ ಮೇಲಿತ್ತು.

“ನಾ ಎತ್ತಿದ ಮ್ಯಾಲ ನೀ ಏನ್ ಮಾಡ್ತಿ?”

“ಇಡ್ತೀನ್ರಿ.”

ಅಜ್ಜಾರು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತರು. “ನೀನ ಮಾತಾಡು.”

ಗುರುಪಾದ ಎತ್ತಿದ. ಅಪ್ಪ ಹೋದರೆಂದು ಹೇಳಿದ.

ಮಹಾನಂದಾ ಕೇಳಿದಳು: “ಮಧ್ಯಾಹ್ನ ಅಪ್ಪ ಎತ್ತಲಿಲ್ಲ. ಸಿಟ್ಟು ಇನ್ನೂ ಇತ್ತೇನ್ರಿ?”

ಗೊತ್ತಿಲ್ಲ ಅಂದುಬಿಟ್ಟರೆ ಗುರುಪಾದನ ತಪ್ಪು ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಅವನು ಅಜ್ಜಾರ ಮುಖ ನೋಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು.

“ಇಲ್ಲವ್ವಾ. ಅವರು ಫೋನಿನ ಕಡೆ ಕೈ ಚಾಚಿದ್ರು. ಎತ್ತಿಕೊಡಾಕ ಕೋಣ್ಯಾಗ ಯಾರೂ ಇರಲಿಲ್ಲ. ಅದನ್ನ ನೋಡದ ನಾ ಇಟ್ಟುಬಿಟ್ಟೆ. ತಪ್ಪು ನಂದು.”

ಆ ಕಡೆ ಅಳು ಶುರುವಾಯಿತು. ಬೈಗುಳವಿಲ್ಲ, ಮಾತಿಲ್ಲ. ಬರೀ ಅಳು.

ಐದು ನಿಮಿಷ. ಹತ್ತು. ಬೇರೆ ಕರೆಗಳು ಮಿನುಗಿ ಮಿನುಗಿ ಆರಿದವು.

ಗುರುಪಾದ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: “ಮಾತ ಆಡವಲ್ಲಳು ಅಜ್ಜಾರ. ನಾ ಏನ್ ಮಾಡ್ಲಿ?”

“ಆಕಿ ಇಡೂತನಕ ನೀ ಇಡಬ್ಯಾಡ.”