ಮುಖಹೇಡಿ ಹುಟ್ಟಿದ ಮನೆ

ಕಲ್ಲಿನ ಕ್ವಾರಿಯ ಸಾಹುಕಾರರ ಮನೆಯಲ್ಲಿ ಕೆಲಸಕ್ಕಿದ್ದ ನೀಲವ್ವ ತಲೆ ಎತ್ತಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ದಿನ ಬೀಗರ ಮುಂದೆ ಅವಳು ಚಹಾ ತಂದಿಟ್ಟಾಗ ಸಾಹುಕಾರರು ನಕ್ಕರು.

"ಮುಖಾ ಕೊಟ್ಟು ಮಾತಾಡಾಕ ಅಂಜೋ ಇಂಥಾಕಿಗೇ ಮುಖಹೇಡಿ ಅಂತಾರ. ಆ ಮಾತು ಎಲ್ಲಿ ಹುಟ್ಟಿತು ಹೇಳಬೇ. ಹೇಳದಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಕ್ವಾರಿಯಲ್ಲಿ ಸಾಹುಕಾರರು ಅವಸರ ಮಾಡಿ ಸಿಡಿಸಿದ ಮದ್ದಿಗೆ ಗಂಡ ಬಲಿಯಾದ ಮೇಲೆ ಅವಳಿಗೆ ಉಳಿದದ್ದು ಈ ಚಾಕರಿಯೊಂದೇ. ನೀಲವ್ವ ತಲೆ ಎತ್ತಿದಳು.

"ಹೇಳತೀನ್ರಿ. ಮೊದಲು ನೀವು ನನ್ನ ಮುಖಾ ನೋಡಿ, ನನ್ನ ಗಂಡ ಹೆಂಗ ಸತ್ತ ಅಂತ ಬೀಗರಿಗೆ ಹೇಳ್ರಿ."

ಸಾಹುಕಾರರು ಚಹಾದ ಕಪ್ಪು ನೋಡಿದರು. ಗೋಡೆ ನೋಡಿದರು. ಕಡೆಗೆ ಹೊಸ ಮದುವಣಗಿತ್ತಿಯಂತೆ ತಮ್ಮ ಕಾಲ್ಬೆರಳು ನೋಡುತ್ತ ಕುಳಿತರು.

"ಇಲ್ಲೇ ಹುಟ್ಟಿತ್ರಿ," ಎಂದಳು ನೀಲವ್ವ.

ಮರುದಿನ ಅವಳನ್ನು ಕೆಲಸದಿಂದ ಬಿಡಿಸಿದರು. ಅದನ್ನೂ ಆಳಿನ ಬಾಯಲ್ಲಿ ಹೇಳಿ ಕಳಿಸಿದರು.