ತಾಳ ತಪ್ಪುತ್ತಿದ್ದ ರಸಿಕ

ಕಪ್ಪೆಗಳ ಹಾಡಿಗೆ ಮನಸೋತ ನಾಗರಹಾವು ಬೇಟೆಯನ್ನೇ ತೊರೆಯಿತೆಂದು ಬಾಲ್ಯದಲ್ಲಿ ನಮ್ಮ ಸೋದರತ್ತೆ ಹೇಳುತ್ತಿದ್ದರು. ಹಾಗಾದರೆ ಅದು ಆಮೇಲೆ ತಿಂದದ್ದೇನು ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಕಥೆ ಹೀಗೆ ನಡೆದಿರಬೇಕೆಂದು ನನಗೆ ತೋರುತ್ತದೆ.

ಒಂದು ಕಾಡಿನಲ್ಲಿ, ಕೊಳದ ಪಕ್ಕದ ಬಂಡೆಯ ಮೇಲೆ, ಗೊಟರಪ್ಪ ಮೇಷ್ಟ್ರೆಂಬ ಮುದಿ ಕಪ್ಪೆ ಮರಿಗಳಿಗೆ ಸಮೂಹಗಾನ ಕಲಿಸುತ್ತಿದ್ದರು. ಒಂದು ಸಂಜೆ ನಾಗರಹಾವೊಂದು ಬಂದು ದೂರದಲ್ಲೇ ಹೆಡೆಯೆತ್ತಿತು. ಮರಿಗಳು ಮೇಷ್ಟ್ರ ಹಿಂದೆ ಅವಿತವು.

“ಹೆದರಬೇಡಿ. ನಾನು ಸಂಗೀತಪ್ರಿಯ. ಕೇಳಿ ಹೊರಟುಹೋಗುತ್ತೇನೆ” ಎಂದು ಅದು ತಲೆದೂಗತೊಡಗಿತು.

ಅದುವರೆಗೆ ಒಬ್ಬ ರಸಿಕನನ್ನೂ ಕಾಣದಿದ್ದ ಮೇಷ್ಟ್ರು ಹಿಗ್ಗಿದರು. ಪಾಠ ಮುಂದುವರಿಯಿತು.

ಹಾವು ದಿನಕ್ಕೊಂದು ಮೊಳ ಹತ್ತಿರ ಬಂತು. ನಾಲ್ಕನೆಯ ಸಂಜೆ ಹಾಡಿನ ನಡುವೆ ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು. ಮಂದ್ರದ ಸಾಲಿನಲ್ಲಿ ಒಂದು ದನಿ ಇರಲಿಲ್ಲ.

“ದೊಡ್ಡಗಂಟಲ ಎಲ್ಲಿ?”

ಎಲ್ಲರ ಕಣ್ಣೂ ಹಾವಿನ ಹೊಟ್ಟೆಯ ಉಬ್ಬಿನ ಮೇಲೆ ನಿಂತಿತ್ತು. ಅಷ್ಟರಲ್ಲಾಗಲೇ ಅದು ಬಂಡೆಗೂ ನೀರಿಗೂ ನಡುವೆ ಸುತ್ತಿ ಕುಳಿತಿತ್ತು.

“ಯಾಕೆ ನಿಲ್ಲಿಸಿದಿರಿ? ಹಾಡಿ, ಹಾಡಿ!”

ತುಂತುರಿ ಎಂಬ ಪುಟ್ಟ ಮರಿ ಪಿಸುಗುಟ್ಟಿತು: “ಮೇಷ್ಟ್ರೇ, ಇವನ ತಲೆ ಒಂದು ಸಲವೂ ತಾಳಕ್ಕೆ ಸರಿಯಾಗಿ ಆಡಿಲ್ಲ.”

ಮೇಷ್ಟ್ರು ಸದ್ದಿಲ್ಲದೆ ಕೈಸನ್ನೆ ಮಾಡಿದರು. ಅದು ತರಗತಿಯ ಹಳೆಯ ಆಟ: ಗಂಟಲು ಉಬ್ಬಿಸಬೇಕು, ಹಾಡನ್ನು ಮನಸ್ಸಿನಲ್ಲೇ ಹಾಡಬೇಕು. ಮರಿಗಳ ಗಂಟಲುಗಳು ಉಬ್ಬಿದವು. ಬಂಡೆಯ ಮೇಲೆ ಗಾಳಿಯ ಸದ್ದೊಂದೇ ಉಳಿಯಿತು.

“ಆಹಾ! ಇಂಥ ಇಂಪನ್ನು ನಾನು ಕೇಳಿಯೇ ಇರಲಿಲ್ಲ!” ಎಂದಿತು ಹಾವು.

ಆಗ ಒಂದು ಮರಿ ಹೆದರಿ ಕುಪ್ಪಳಿಸಿತು. ಹಾವಿನ ತಲೆ ತಟ್ಟನೆ ಅತ್ತ ತಿರುಗಿತು. ಮೇಷ್ಟ್ರಿಗೆ ಎಲ್ಲವೂ ಅರ್ಥವಾಯಿತು. ಅವರು ರಾಗವಾಗಿ ಹಾಡಿದರು:

“ಮಕ್ಕಳೇ, ಇದು ನಮ್ಮ ಹಾಡು ಕೇಳುತ್ತಿಲ್ಲ. ನೆಲದ ಕಂಪನವಷ್ಟೇ ಇದಕ್ಕೆ ತಿಳಿಯುತ್ತದೆ. ಕಾಲಿನಿಂದ ಜೋರಾಗಿ ತಾಳ ಹಾಕಿ, ಆಚೆ ಪೊದೆಯಲ್ಲಿರುವ ಮುಂಗುಸಿಯನ್ನು ಕರೆಯಿರಿ.”

“ಅಳು ಬರ್ತಿದೆ ಮೇಷ್ಟ್ರೇ” ಎಂದಿತು ತುಂತುರಿ.

“ಅಳಮ್ಮಾ. ತಾಳ ಮಾತ್ರ ಬಿಡಬೇಡ.”

ಬಂಡೆ ಧಪಧಪ ಅದುರಿತು. “ಮುಂಗುಸಿಯಣ್ಣಾ ಬಾ, ಹಾವು ಹೊರಗಿದೆ ಬಾ!” ಎಂದು ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡಿದರು. ಹಾವು “ಭೇಷ್, ಭೇಷ್!” ಎನ್ನುತ್ತಾ ತುಂತುರಿಯಿಂದ ಗೇಣಳತೆಗೆ ಬಂದು ಬಾಯಿ ತೆರೆಯಿತು. ಹಿಂದಿನಿಂದ ಬಂದ ಮುಂಗುಸಿಯ ಹೆಜ್ಜೆಗಳು ಆ ತಾಳದೊಳಗೆ ಅಡಗಿಹೋಗಿದ್ದವು. ಅದು ಹಾವಿನ ಕತ್ತನ್ನು ಕಚ್ಚಿ ಹಿಡಿದಾಗ ಮರಿಗಳು ಒಟ್ಟಿಗೆ ನೀರಿಗೆ ಹಾರಿದವು.

ಮರುದಿನ ಪಾಠ ನಡೆಯಿತು. ಮಂದ್ರದ ಸಾಲಿನಲ್ಲಿ ಒಂದು ಜಾಗ ಖಾಲಿಯಾಗಿಯೇ ಉಳಿಯಿತು.

ನಾನು ಕಾಲೇಜು ಸೇರಿದ ಮೇಲೆ, ಪ್ರಾಣಿಶಾಸ್ತ್ರದ ಪ್ರಯೋಗಾಲಯದ ಗಾಜಿನ ಜಾಡಿಯಲ್ಲಿದ್ದ ನಾಗರಹಾವಿನ ತಲೆಯ ಎರಡೂ ಬದಿಯನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ. ಕಿವಿಯ ರಂಧ್ರ ಎಲ್ಲಿಯೂ ಇರಲಿಲ್ಲ.

ನೀತಿ: ಹೊಗಳಿಕೆಗೆ ಹಿಗ್ಗುವ ಮೊದಲು, ಹೊಗಳುವವರು ನಿಜವಾಗಿಯೂ ಕೇಳಿಸಿಕೊಂಡರೇ ಎಂದು ಪರೀಕ್ಷಿಸಬೇಕು.